ಪಂಪಿನ ಇಂಜಿನ್ನಿಗೆ ಕಾರ್ಬುರೇಟರ್ ತಿರುಗಿ ಕೂರಿಸುವ ಕ್ರಮ

ಕಾರ್ಬುರೇಟರ್ ಬಿಚ್ಚಿ ತೊಳೆಯುವುದು ಸುಲಭ. ತಪ್ಪಾಗುವುದು ತಿರುಗಿ ಕೂರಿಸುವಾಗ. ಪೆಟ್ರೋಲಿನಲ್ಲಿ ಹೊರಟು ಸೀಮೆಎಣ್ಣೆಯಲ್ಲಿ ನಡೆಯುವ ಇಂಜಿನ್ ಇಟ್ಟಿರುವ ರೈತ ಬಾಂಧವರು ಇದನ್ನು ಗಮನಿಸಬೇಕು.

ಮೊದಲು ಟ್ಯಾಂಕಿನ ನಲ್ಲಿ ಮುಚ್ಚಿರಿ, ಬೀಡಿ ದೂರವಿಡಿರಿ. ಜೆಟ್ಟಿನ ಸಣ್ಣ ರಂಧ್ರಕ್ಕೆ ತಂತಿ ಹಾಕಕೂಡದು. ನಾನೇ ಒಮ್ಮೆ ಹಾಗೆ ಮಾಡಿ ಜೆಟ್ ಕೆಡಿಸಿದ್ದುಂಟು. ರಂಧ್ರ ದೊಡ್ಡದಾದರೆ ಕರಿಹೊಗೆ, ಇಂಧನವೂ ದಂಡ. ಸೈಕಲ್ ಪಂಪಿನಿಂದ ಗಾಳಿ ಊದಿದರೆ ಸಾಕು.

ಕಾರ್ಬುರೇಟರಿಗೂ ಇಂಜಿನ್ನಿಗೂ ನಡುವಿನ ಪ್ಯಾಕಿಂಗ್ ಹರಿದಿದ್ದರೆ ಹೊಸದನ್ನೇ ಹಾಕತಕ್ಕದ್ದು. ಅಲ್ಲಿ ಗಾಳಿ ನುಸುಳಿದರೆ ಇಂಧನ ಸಾಲದೆ ಇಂಜಿನ್ ಕಾದು ಬಲ ಕುಂದುವುದು. ಎರಡು ನಟ್ಟುಗಳನ್ನೂ ಸ್ವಲ್ಪಸ್ವಲ್ಪವಾಗಿ ಸರದಿಯಂತೆ ಬಿಗಿಯಿರಿ.

ಇನ್ನು ಗಾಳಿ ಸೋಸುವ ಡಬ್ಬಿ. "ಅದಿಲ್ಲದೆಯೂ ಇಂಜಿನ್ ಓಡುತ್ತದಲ್ಲ" ಎಂದು ಕೆಲವರು ಅದನ್ನು ಮೂಲೆಗೆ ಎಸೆದಿರುತ್ತಾರೆ. ಓಡುತ್ತದೆ, ನಿಜ. ಆದರೆ ಬಾವಿದಂಡೆಯ ಧೂಳು ಒಳಹೊಕ್ಕು, ಅರ ಹಾಕಿ ಉಜ್ಜಿದಂತೆ ಪಿಸ್ಟನ್ ರಿಂಗನ್ನೂ ಸಿಲಿಂಡರನ್ನೂ ಸವೆಸುತ್ತದೆ. ಆ ರಿಪೇರಿಗೆ ಒಂದು ಬೆಳೆಯ ಲಾಭವೇ ಹೋದೀತು! ಎಣ್ಣೆ ತುಂಬುವ ಬಗೆಯ ಡಬ್ಬಿಯಾದರೆ ಹಳೆಯ ಎಣ್ಣೆ ಚೆಲ್ಲಿ, ಜಾಲರಿ ತೊಳೆದು ಒಣಗಿಸಿ, ಒಳಗಿನ ಗುರುತಿನವರೆಗೆ ಮಾತ್ರ ಹೊಸ ಇಂಜಿನ್ ಆಯಿಲ್ ಹಾಕಿರಿ. ಗುರುತು ಮೀರಿದರೆ ಇಂಜಿನ್ ಅದನ್ನೂ ಹೀರಿಕೊಳ್ಳುತ್ತದೆ.

ಜೋಡಿಸಿದ ಮೇಲೆ ನಲ್ಲಿ ತೆರೆದು, ಎಲ್ಲಿಯೂ ತೊಟ್ಟಿಕ್ಕುತ್ತಿಲ್ಲವೆಂದು ನೋಡಿಕೊಂಡು ಪೆಟ್ರೋಲಿನಲ್ಲಿ ಚಾಲೂ ಮಾಡಿರಿ. ಇಂಜಿನ್ ಚೆನ್ನಾಗಿ ಬಿಸಿಯಾದ ಬಳಿಕವೇ ಸೀಮೆಎಣ್ಣೆಗೆ ತಿರುಗಿಸಿರಿ.