ಏಳಿಂಚಿನ ಜಗಳ

1994ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಜೆಫ್ ಹಾಕಿನ್ಸ್ ಎಂಬ ಎಂಜಿನಿಯರು ಅಂಗಿಯ ಜೇಬಿನಲ್ಲಿ ಒಂದು ಮರದ ತುಂಡು ಇಟ್ಟುಕೊಂಡು ಓಡಾಡುತ್ತಿದ್ದರು. ಮನೆಯ ಗ್ಯಾರೇಜಿನಲ್ಲಿ ತಾವೇ ಕೊಯ್ದುಕೊಂಡ ತುಂಡು. ಸಭೆಯಲ್ಲಿ ಯಾರಾದರೂ ಭೇಟಿಗೆ ದಿನ ಕೇಳಿದರೆ ಅದನ್ನು ಹೊರಗೆಳೆದು, ಚಾಪ್‌ಸ್ಟಿಕ್ ಕೆತ್ತಿ ಮಾಡಿಕೊಂಡ ಕಡ್ಡಿಯಿಂದ ಮರದ ಮೇಲೆ ತಟ್ಟಿ, ದಿನಚರಿ ನೋಡಿದವರ ಹಾಗೆ ಉತ್ತರ ಹೇಳುವರು. ಪರದೆಯಲ್ಲಿ ಏನಿರಬೇಕು, ಗುಂಡಿ ಎಷ್ಟಿರಬೇಕು ಎಂದು ಕಾಗದದಲ್ಲಿ ಮುದ್ರಿಸಿ ಅದಕ್ಕೆ ಅಂಟಿಸುವುದು, ಮತ್ತೆ ಜೇಬಿಗೆ ಹಾಕುವುದು. ಎದುರು ಕೂತವರು ಏನೆಂದುಕೊಂಡರೋ! ಆ ತುಂಡು ಈಗ ಮೌಂಟನ್ ವ್ಯೂನ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಸೇರಿದೆ.

ಈ ಹುಚ್ಚಾಟಕ್ಕೆ ಕಾರಣವಿತ್ತು. ಹಾಕಿನ್ಸ್ 1989ರಲ್ಲಿ ಗ್ರಿಡ್‌ಪ್ಯಾಡ್ ಎಂಬ ಸ್ಲೇಟಿನಂಥ ಕಂಪ್ಯೂಟರ್ ಮಾಡಿದ್ದರು. ತೂಕ ಎರಡು ಕಿಲೋ. ಉಗ್ರಾಣದ ಲೆಕ್ಕ ಬರೆಯುವವರಿಗೆ ಆದೀತು, ಚೀಲದಲ್ಲಿ ಹಾಕಿಕೊಂಡು ಊರಿಗೆ ಹೊರಡುವವರಿಗಲ್ಲ. 1993ರಲ್ಲಿ ಅವರ ಪಾಮ್ ಕಂಪನಿ ತಂತ್ರಾಂಶ ಬರೆದುಕೊಟ್ಟ ಜೂಮರ್ ಗಾತ್ರದಲ್ಲಿ ಚಿಕ್ಕದಾಯಿತು, ಆದರೆ ಆಮೆಯ ನಡೆ, ಮಾರುಕಟ್ಟೆಯಲ್ಲಿ ಮಕಾಡೆ ಮಲಗಿತು. ಕೊಂಡಿದ್ದ ಕೆಲವೇ ಜನರನ್ನು ವಿಚಾರಿಸಿದಾಗ ಒಂದು ವಿಷಯ ಹೊರಬಿತ್ತು: ಅದನ್ನು ಅವರು ಕಂಪ್ಯೂಟರಿನ ಬದಲಿಗೆ ಕೊಂಡಿರಲಿಲ್ಲ, ಕಾಗದದ ಡೈರಿಯ ಬದಲಿಗೆ ಕೊಂಡಿದ್ದರು. ಎದುರಾಳಿ ಡೈರಿ ಎಂದಮೇಲೆ ಡೈರಿಯಷ್ಟೇ ಬೇಗ ತೆರೆದುಕೊಳ್ಳಬೇಕು, ಡೈರಿಯ ಹಾಗೇ ಜೇಬಿಗಿಳಿಯಬೇಕು. ಹಾಗಾಗಿ ಚಿಪ್ಪಿನ ಯೋಚನೆಗೆ ಮೊದಲೇ ಮರ ಬಂತು. 1996ರಲ್ಲಿ ಹೊರಬಂದ ಪೈಲಟ್ 160 ಗ್ರಾಂ ಆಸುಪಾಸು ತೂಗುತ್ತಿತ್ತು, ಎರಡು ಸಣ್ಣ ಸೆಲ್ಲಿನಲ್ಲಿ ವಾರಗಟ್ಟಲೆ ನಡೆಯುತ್ತಿತ್ತು.

ಹಾಕಿನ್ಸರಿಗಿಂತ ಕಾಲು ಶತಮಾನ ಮೊದಲು ಇನ್ನೊಬ್ಬರು ಇದೇ ದಾರಿ ತುಳಿದಿದ್ದರು. 1968ರಲ್ಲಿ ಯೂಟಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಅಲನ್ ಕೇ ಮಕ್ಕಳ ಕೈಗೂ ಸಿಗಬಲ್ಲ ಪುಸ್ತಕದಂಥ ಕಂಪ್ಯೂಟರಿನ ಕನಸು ಕಂಡರು. ಮುಂದೆ ಅದಕ್ಕೆ ಡೈನಾಬುಕ್ ಎಂಬ ಹೆಸರಾಯಿತು. ಆಗಿನ ಕಂಪ್ಯೂಟರುಗಳು ಕೋಣೆ ತುಂಬುತ್ತಿದ್ದವು, ಕಟ್ಟಿ ತೋರಿಸುವ ಮಾತೇ ಇಲ್ಲ. ಕೇ ರಟ್ಟಿನಲ್ಲಿ ಒಂದು ಮಾದರಿ ಮಾಡಿ ಅದರೊಳಗೆ ಸೀಸದ ಗುಂಡುಗಳನ್ನು ಸುರಿದರು. ಎಷ್ಟು ತೂಕದವರೆಗೆ ಕೈ ಸಹಿಸುತ್ತದೆ ಎಂದು ನೋಡುವುದಕ್ಕೆ. ಎರಡು ಪೌಂಡಿನೊಳಗೆ, ಅಂದರೆ 900 ಗ್ರಾಂ ದಾಟದಂತೆ ಇರಬೇಕು ಎಂಬ ತೀರ್ಮಾನಕ್ಕೆ ಬಂದರು. ಡೈನಾಬುಕ್ ಕಡೆಗೂ ಹುಟ್ಟಲಿಲ್ಲ. 2010ರಲ್ಲಿ ಬಂದ ಮೊದಲ ಐಪ್ಯಾಡ್ 680 ಗ್ರಾಂ ಇತ್ತು, ಕೇ ಹಾಕಿದ ಮಿತಿಯೊಳಗೇ. ತೊಡೆಯ ಮೇಲಿಟ್ಟುಕೊಂಡರೆ ಆ ಮಿತಿ ಸರಿ. ರೈಲಿನ ಮೇಲಿನ ಬರ್ತಿನಲ್ಲಿ ಅಂಗಾತ ಮಲಗಿ ಒಂದೇ ಕೈಯಲ್ಲಿ ಮುಖದ ಮೇಲೆ ಹಿಡಿದು ಓದುವವರನ್ನು ಕೇಳಿದರೆ ಬೇರೆ ಲೆಕ್ಕ ಹೇಳುತ್ತಾರೆ.

ನಡುವೆ ನಮ್ಮ ಬೆಂಗಳೂರಿನದೂ ಒಂದು ಅಧ್ಯಾಯವಿದೆ, ಇಂಥ ಕತೆಗಳಲ್ಲಿ ಅದನ್ನು ಹಾರಿಸಿಬಿಡುವುದೇ ರೂಢಿ. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಸಾಫ್ಟ್‌ವೇರ್ ಜೊತೆ ಸೇರಿ 2001ರಲ್ಲಿ ಸಿಂಪ್ಯೂಟರಿನ ಮಾದರಿ ತೋರಿಸಿದರು. ಅಂಗೈಯಗಲದ ಪೆಟ್ಟಿಗೆ, ಒಳಗೆ ಲಿನಕ್ಸ್. ಓದಲು ಬಾರದವರಿಗೆ ಕನ್ನಡವೂ ಸೇರಿದಂತೆ ನಮ್ಮ ಭಾಷೆಗಳಲ್ಲಿ ಓದಿ ಹೇಳುವ ಸೌಲಭ್ಯ. ಒಂದೇ ಯಂತ್ರವನ್ನು ಊರವರೆಲ್ಲ ಬಳಸಲೆಂದು ಸ್ಮಾರ್ಟ್ ಕಾರ್ಡ್: ನಿಮ್ಮ ಕಾರ್ಡು ತೂರಿಸಿದರೆ ನಿಮ್ಮದು, ನನ್ನದು ತೂರಿಸಿದರೆ ನನ್ನದು. 2004ರಲ್ಲಿ ಬಿಇಎಲ್ ತಯಾರಿಸಿದ ಅಮಿಡಾ ಸಿಂಪ್ಯೂಟರಿನಲ್ಲಿ ಅಲುಗಾಟ ಗುರುತಿಸುವ ಸಂವೇದಕವನ್ನೂ ಕೂರಿಸಿದ್ದರು, ಮಣಿಕಟ್ಟು ಚಿಮ್ಮಿಸಿದರೆ ಪುಟ ತಿರುಗುತ್ತಿತ್ತು. ಕೈಯ ಓರೆಕೋರೆಗೆ ಪರದೆ ಸ್ಪಂದಿಸುವುದು ಲೋಕಕ್ಕೆಲ್ಲ ರೂಢಿಯಾದದ್ದು ಐಫೋನ್ ಬಂದಮೇಲೆ, ಅಂದರೆ 2007ರ ನಂತರ. ಸಿಂಪ್ಯೂಟರ್ ಮಾರಾಟವಾಗಲಿಲ್ಲ. ಹಳ್ಳಿಗೆಂದು ಮಾಡಿದ ಯಂತ್ರದ ಬೆಲೆ ಹಳ್ಳಿಗೆ ಎಟುಕಲಿಲ್ಲ, ಅಷ್ಟರಲ್ಲಿ ಅಗ್ಗದ ಮೊಬೈಲು ಹಳ್ಳಿ ಹೊಕ್ಕಿತ್ತು.

ಇನ್ನು ಜಗಳದ ವಿಷಯ. 2010ರ ಸೆಪ್ಟೆಂಬರಿನಲ್ಲಿ ಸ್ಯಾಮ್‌ಸಂಗ್ ಬರ್ಲಿನ್ನಿನ ಮೇಳದಲ್ಲಿ ಏಳಿಂಚಿನ ಗ್ಯಾಲಕ್ಸಿ ಟ್ಯಾಬ್ ತೋರಿಸಿತು. ತೂಕ 380 ಗ್ರಾಂ, ಐಪ್ಯಾಡಿನ ಅರ್ಧಕ್ಕಿಂತ ತುಸು ಹೆಚ್ಚು. ಮುಂದಿನ ತಿಂಗಳು ಆಪಲ್ ತನ್ನ ತ್ರೈಮಾಸಿಕ ಲೆಕ್ಕ ಒಪ್ಪಿಸುವ ಫೋನ್ ಸಭೆಗೆ, ಸಾಮಾನ್ಯವಾಗಿ ಅಲ್ಲಿಗೆ ತಲೆಹಾಕದ ಸ್ಟೀವ್ ಜಾಬ್ಸ್ ಬಂದು ಏಳಿಂಚಿನವರನ್ನು ಝಾಡಿಸಿದರು. ಅವರ ವಾದ ಹೀಗಿತ್ತು: ಏಳಿಂಚು ಎಂದರೆ ಹತ್ತಿಂಚಿನ ಶೇ. 70 ಎಂದು ಜನ ಭಾವಿಸುತ್ತಾರೆ, ಅದು ತಪ್ಪು. ಅಳೆಯುವುದು ಮೂಲೆಯಿಂದ ಮೂಲೆಗೆ. ವಿಸ್ತೀರ್ಣ ನೋಡಿದರೆ ಐಪ್ಯಾಡಿನ ಶೇ. 45 ಮಾತ್ರ. ಅಷ್ಟು ಚಿಕ್ಕ ಪರದೆಯ ಗುಂಡಿ ಒತ್ತಬೇಕಾದರೆ ಪೆಟ್ಟಿಗೆಯ ಜೊತೆಗೆ ಉಪ್ಪುಕಾಗದವನ್ನೂ ಕೊಡಬೇಕು, ಬೆರಳುಗಳನ್ನು ಕಾಲುಭಾಗಕ್ಕೆ ಉಜ್ಜಿಕೊಳ್ಳಲು. ಹುಟ್ಟುವಾಗಲೇ ಸತ್ತ ಸರಕು ಎಂದು ಷರಾ ಬರೆದರು.

ಲೆಕ್ಕ ಸರಿಯಾಗಿಯೇ ಇತ್ತು, ಅದೇ ಇದರ ಸ್ವಾರಸ್ಯ. ಆಗಿನ ಏಳಿಂಚುಗಳು ಉದ್ದ ಹೆಚ್ಚಾಗಿ ಅಗಲ ಕಡಿಮೆಯಾದ ಸಿನಿಮಾ ಅಳತೆಯವು, ಐಪ್ಯಾಡ್ ನಾಲ್ಕಕ್ಕೆ ಮೂರರ ಪುಸ್ತಕದ ಅಳತೆಯದು. ಕರ್ಣ ಸ್ವಲ್ಪ ಕುಗ್ಗಿದರೂ ಜಾಗ ಬಹಳ ಕುಗ್ಗುತ್ತದೆ. ಆದರೆ ತಿರುಗಿಸಿ ನೋಡಿದರೆ ಇದೇ ಲೆಕ್ಕ ಜಾಬ್ಸರಿಗೆ ಎದುರಾಗುತ್ತದೆ: ಕರ್ಣ ಸ್ವಲ್ಪ ಹಿಗ್ಗಿಸಿದರೂ ಜಾಗ ಬಹಳ ಹಿಗ್ಗಬೇಕಲ್ಲ?

ಆಪಲ್ ಒಳಗೇ ಒಬ್ಬರಿಗೆ ಗುಮಾನಿ ಹುಟ್ಟಿತ್ತು. ಹಿರಿಯ ಅಧಿಕಾರಿ ಎಡ್ಡಿ ಕ್ಯೂ ಏಳಿಂಚಿನ ಸ್ಯಾಮ್‌ಸಂಗನ್ನು ಬಳಸಿ ನೋಡಿದರು. ಐಪ್ಯಾಡ್ ಬಿಟ್ಟು ಅದಕ್ಕೆ ಹೋದವರೊಬ್ಬರ ಲೇಖನವನ್ನು 2011ರ ಜನವರಿಯಲ್ಲಿ ಸಹೋದ್ಯೋಗಿಗಳಿಗೆ ಕಳಿಸಿ, ಈ ಅಳತೆಗೆ ಮಾರುಕಟ್ಟೆ ಇದೆ, ನಾವೂ ಒಂದು ಮಾಡಬೇಕು ಎಂದು ಬರೆದರು. ಸ್ಟೀವ್ ಕಿವಿಗೂ ಹಲವು ಸಲ ಹಾಕಿದ್ದೇನೆ, ಕಳೆದ ಸಲ ಒಪ್ಪುವ ಹಾಗೆ ಕಂಡರು ಎಂಬ ಮಾತೂ ಅದರಲ್ಲಿತ್ತು. ಈ ಇಮೇಲು ಹೊರಬಿದ್ದದ್ದು 2012ರ ಆಗಸ್ಟಿನಲ್ಲಿ, ಆಪಲ್ ಮತ್ತು ಸ್ಯಾಮ್‌ಸಂಗ್ ಕೋರ್ಟಿನಲ್ಲಿ ಕಿತ್ತಾಡುತ್ತಿದ್ದಾಗ. ಅಷ್ಟರಲ್ಲಿ ಜಾಬ್ಸ್ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಅಮೆಜಾನಿನ ಕಿಂಡಲ್ ಫೈರ್, ಗೂಗಲ್ ಆಸುಸ್ ಕೈಯಲ್ಲಿ ಮಾಡಿಸಿದ ನೆಕ್ಸಸ್ 7, ಎರಡೂ 199 ಡಾಲರಿಗೆ ಮಾರಾಟವಾಗುತ್ತಿದ್ದವು. ಹಳೆಯ ಏಳಿಂಚುಗಳು ಫೋನಿನ ಆಂಡ್ರಾಯ್ಡನ್ನೇ ಹಿಗ್ಗಿಸಿ ಬಳಸುತ್ತಿದ್ದವು. 340 ಗ್ರಾಮಿನ ನೆಕ್ಸಸ್ ಹಾಗಲ್ಲ, ಜನ ಮುಗಿಬಿದ್ದರು.

2012ರ ಅಕ್ಟೋಬರ್ 23ರಂದು ಐಪ್ಯಾಡ್ ಮಿನಿ ಬಂತು. 7.9 ಇಂಚು, 308 ಗ್ರಾಂ. ಏಳಕ್ಕಿಂತ ಒಂದಿಂಚೂ ಹೆಚ್ಚಿಲ್ಲ, ಆದರೆ ಪುಸ್ತಕದ ಅಳತೆ ಬಿಡದ್ದರಿಂದ ಜಾಗ ನೆಕ್ಸಸ್‌ಗಿಂತ ಶೇ. 35 ಹೆಚ್ಚು. ಉಪ್ಪುಕಾಗದದ ಪ್ರಶ್ನೆಗೂ ಅಲ್ಲೇ ಉತ್ತರವಿತ್ತು. ದೊಡ್ಡ ಐಪ್ಯಾಡಿನಲ್ಲಿದ್ದ 1024ಕ್ಕೆ 768ರ ಪಿಕ್ಸೆಲ್ಲುಗಳನ್ನೇ ಒತ್ತೊತ್ತಾಗಿ ಕೂರಿಸಿದ್ದರು. ಇಂಚಿಗೆ 132 ಇದ್ದದ್ದು 163 ಆಯಿತು. ಬೆರಳಿಗೆ ಸಿಗುವ ಗುಂಡಿ 44 ಪಿಕ್ಸೆಲ್ಲಿಗಿಂತ ಚಿಕ್ಕದಿರಬಾರದು ಎಂಬುದು ಆಪಲ್ ತಾನೇ ಹಾಕಿಕೊಂಡ ನಿಯಮ. ದೊಡ್ಡ ಐಪ್ಯಾಡಿನಲ್ಲಿ ಅದು 8.5 ಮಿಲಿಮೀಟರ್, ಮಿನಿಯಲ್ಲಿ 6.9. ಚಿಕ್ಕದಾಯಿತು, ನಿಜ. ಆದರೆ 163 ಎಂಬುದು 2007ರ ಮೊದಲ ಐಫೋನಿನ ಸಂಖ್ಯೆಯೇ. ಜನ ಐದು ವರ್ಷದಿಂದ ಅದೇ 6.9 ಮಿಲಿಮೀಟರಿನ ಗುಂಡಿಯನ್ನು ಒತ್ತುತ್ತಲೇ ಇದ್ದರು, ಯಾರೂ ಬೆರಳು ಉಜ್ಜಿಕೊಂಡಿರಲಿಲ್ಲ. ತಂತ್ರಾಂಶ ಬರೆದವರು ಒಂದು ಸಾಲನ್ನೂ ತಿದ್ದಬೇಕಾಗಿ ಬರಲಿಲ್ಲ. ನನ್ನ ಮಟ್ಟಿಗೆ ಚಿಕ್ಕ ಟ್ಯಾಬ್ಲೆಟ್ಟು ನಿಜವಾಗಿ ಸಿಕ್ಕಿದ್ದು ಈ ಲೆಕ್ಕದಲ್ಲಿ. ಹೊಸ ಚಿಪ್ಪೂ ಇಲ್ಲ, ಹೊಸ ಗಾಜೂ ಇಲ್ಲ, ಕೈಗೆ ಆಗಲೇ ಒಗ್ಗಿದ್ದ ಎರಡು ಅಳತೆಗಳನ್ನು ಒಂದೆಡೆ ತಂದದ್ದಷ್ಟೇ.

ಆಮೇಲೆ ಆದದ್ದು ಯಾರೂ ಎಣಿಸದ್ದು. ಏಳಿಂಚನ್ನು ಕೊಂದದ್ದು ಹತ್ತಿಂಚಲ್ಲ, ಫೋನು. 2011ರಲ್ಲಿ 5.3 ಇಂಚಿನ ಗ್ಯಾಲಕ್ಸಿ ನೋಟ್ ಬಂದಾಗ ಅದನ್ನು ಕಿವಿಗೆ ಹಿಡಿದವರನ್ನು ನೋಡಿ ನಕ್ಕವರೇ ಈಗ 6.7 ಇಂಚಿನದನ್ನು ಜೇಬಿನಲ್ಲಿಟ್ಟಿದ್ದಾರೆ. ಚಿಕ್ಕ ಟ್ಯಾಬ್ಲೆಟ್ಟು ಬದುಕಬೇಕಾದರೆ ಮೇಲಕ್ಕೆ ಸರಿಯಲೇಬೇಕಾಯಿತು: ಮಿನಿ 2021ರಲ್ಲಿ 8.3 ಇಂಚಾಯಿತು, ಸ್ಯಾಮ್‌ಸಂಗಿನ ಟ್ಯಾಬ್ ಎ9 8.7 ಇಂಚಿನದು. 6.7 ಮತ್ತು 8.3 ಎಂದು ಕೇಳಿದರೆ ಹತ್ತಿರ ಹತ್ತಿರ ಅನ್ನಿಸುತ್ತದೆ, ಆದರೆ ಫೋನಿನ ಉದ್ದನೆಯ ಪಟ್ಟಿಗೆ ಹೋಲಿಸಿದರೆ ಮಿನಿಯಲ್ಲಿ ಜಾಗ ಒಂದೂಮುಕ್ಕಾಲು ಪಟ್ಟಿಗೂ ಹೆಚ್ಚು. ಹಾಗಾಗಿ ಪ್ರಯಾಣಕ್ಕೆ ಒಂದು ಕೊಳ್ಳೋಣ ಎನ್ನುವವರ ಕೈಯಲ್ಲಿ ದೊಡ್ಡ ಫೋನು ಇದ್ದರೆ, ಎಲ್ಲಾದರೂ ಉಳಿದಿರುವ ಅಗ್ಗದ ಏಳಿಂಚಿಗೆ ದುಡ್ಡು ಸುರಿಯುವುದು ದಂಡ.

ಸಿನಿಮಾ ನೋಡುವುದಕ್ಕಾದರೆ ಉದ್ದನೆಯದು ನಡೆಯುತ್ತದೆ. ಕನ್ನಡ ಓದುವವರಿಗೆ ಅಗಲ ಬೇಕು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳು ಪುಟದ ಚಿತ್ರಗಳು, ಅಕ್ಷರ ದೊಡ್ಡದು ಮಾಡಿದರೆ ಸಾಲು ಮುರಿದು ಕೆಳಗಿಳಿಯುವುದಿಲ್ಲ. ಡೆಮಿ 1/8 ಪುಟ 5.5 ಇಂಚು ಅಗಲ, 8.5 ಇಂಚು ಉದ್ದ. ಅದನ್ನು ಹಳೆಯ ಏಳಿಂಚಿನಲ್ಲಿ ಇಡಿಯಾಗಿ ತುಂಬಿಸಿದರೆ 12 ಪಾಯಿಂಟಿನ ಅಕ್ಷರ 8ಕ್ಕೆ ಇಳಿಯುತ್ತದೆ. ಕನ್ನಡದಲ್ಲಿ ಮೊದಲು ಕೈಕೊಡುವುದು ಒತ್ತಕ್ಷರ: ತ ಒತ್ತು, ನ ಒತ್ತು ಯಾವುದೆಂದು ತಿಳಿಯದೆ ಸಾಲಿನ ಕೆಳಗೆ ಕಪ್ಪು ಚುಕ್ಕಿಗಳು ಉಳಿಯುತ್ತವೆ. 8.3 ಇಂಚಿನಲ್ಲಿ ಅದೇ ಅಕ್ಷರ 10ರ ಹತ್ತಿರ ನಿಲ್ಲುತ್ತದೆ, ಅಂಚಿನ ಖಾಲಿ ಜಾಗ ಕತ್ತರಿಸಿ ತೋರಿಸುವ ಆ್ಯಪ್ ಹಾಕಿಕೊಂಡರೆ ಅಚ್ಚಾದ ಪುಸ್ತಕದ ಮಟ್ಟಕ್ಕೇ ಬರುತ್ತದೆ. ಅಂಗಡಿಯವರು ಯಾವಾಗಲೂ ಬಣ್ಣ ಬಣ್ಣದ ವಿಡಿಯೊ ಹಾಕಿ ತೋರಿಸುತ್ತಾರೆ. ಅದನ್ನು ನಿಲ್ಲಿಸಿ, ಅಂಥ ಒಂದು ಪಿಡಿಎಫ್ ಇಳಿಸಿ, ಒಂದೇ ಕೈಯಲ್ಲಿ ಹಿಡಿದು ನಾಲ್ಕು ಪುಟ ಓದಿ ನೋಡಬೇಕು. ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ.