ಹಾಸಿಗೆಯಡಿಯ ಕಿವಿ

ಆಸ್ಪತ್ರೆಯ ಕೇಸ್ ಶೀಟುಗಳನ್ನು ತಿರುವಿ ಹಾಕಿದವರಿಗೆ ಒಂದು ಸೋಜಿಗ ಗೊತ್ತಿರುತ್ತದೆ. ಬಿ.ಪಿ. ಒಬ್ಬೊಬ್ಬರದು ಒಂದೊಂದು, ಜ್ವರವೂ ಹಾಗೆಯೇ. ಉಸಿರಾಟದ ಸಾಲಿನಲ್ಲಿ ಮಾತ್ರ ವಾರ್ಡಿಗೆ ವಾರ್ಡೇ 18, ಇಲ್ಲವೇ 20. ಅಪ್ಪನನ್ನು ಸೇರಿಸಿದ್ದ ರಾತ್ರಿ ಅವರ ಶೀಟಿನಲ್ಲೂ 18 ಇತ್ತು. ಮೊಬೈಲಿನ ಗಡಿಯಾರ ಹಿಡಿದು ನಾನೇ ಎಣಿಸಿದೆ: 31. ಸಿಸ್ಟರ್ ಮೇಲೆ ಸಿಟ್ಟು ಬರಲಿಲ್ಲ. ಉಸಿರು ಎಣಿಸಲು ಪೂರ್ತಿ ಒಂದು ನಿಮಿಷ ಎದೆಯನ್ನೇ ನೋಡುತ್ತ ನಿಲ್ಲಬೇಕು. ಅವತ್ತು ಅಷ್ಟುದ್ದದ ವಾರ್ಡಿಗೆ ಅವರೊಬ್ಬರೇ.

ಮೈ ಕೆಡುತ್ತಿರುವ ಸುಳಿವು ಎಷ್ಟೋ ಸಲ ಮೊದಲು ಸಿಗುವುದು ಉಸಿರಿನಲ್ಲೇ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ಹೊರತಂದ, ರೋಗಿಯ ಅಪಾಯ ಅಳೆಯುವ ಅಂಕಪಟ್ಟಿಯಲ್ಲಿ ನಿಮಿಷಕ್ಕೆ 12ರಿಂದ 20 ಉಸಿರಿದ್ದರೆ ಸೊನ್ನೆ, 25 ಮುಟ್ಟಿದರೆ ನೇರ 3. ಈ ಪರೀಕ್ಷೆಯಲ್ಲಿ ಸೊನ್ನೆ ತೆಗೆದವನೇ ಜಾಣ.

ಎಣಿಸುವ ಈ ಕೆಲಸವನ್ನು ಬೆಂಗಳೂರಿನ ‘ಡೋಝೀ’ ಒಂದು ತೆಳು ಹಾಳೆಗೆ ವಹಿಸಿದೆ. ಐಐಟಿಯಲ್ಲಿ ಓದಿದ ಮುದಿತ್ ದಂಡವತೆ ಮತ್ತು ಗೌರವ್ ಪರ್ಚಾನಿ 2015ರಲ್ಲಿ ಕಟ್ಟಿದ ಕಂಪನಿ ಇದು. ಹಾಳೆಯನ್ನು ಹಾಸಿಗೆಯ ಅಡಿಗೆ, ಎದೆ ಬರುವ ಕಡೆ ಸೇರಿಸುತ್ತಾರೆ. ಮೈಗೆ ವೈರಿಲ್ಲ, ಅಂಟುಪಟ್ಟಿಯಿಲ್ಲ.

ಮುಟ್ಟದೆ ಎಣಿಸುವುದು ಹೇಗೆ? ಕೋವಿ ಹಾರಿಸಿದವರಿಗೆ ಭುಜಕ್ಕೆ ಬೀಳುವ ಒದೆ ಗೊತ್ತು. ಹೃದಯ ರಕ್ತವನ್ನು ಚಿಮ್ಮಿಸಿದಾಗಲೂ ಇಡೀ ಮೈ ಹಾಗೆಯೇ ತುಸು ಹಿಂದೊದೆಯುತ್ತದೆ. ಮುಳ್ಳಿನ ತೂಕದ ಯಂತ್ರದ ಮೇಲೆ ಅಲುಗದೆ ನಿಂತರೆ ಮುಳ್ಳು ಸಣ್ಣಗೆ ಮಿಡಿಯುವುದು ಕಾಣುತ್ತದೆ. ಗಾರ್ಡನ್ ಎಂಬಾತ ಇದನ್ನು 1877ರಲ್ಲೇ ಗುರುತಿಸಿದ್ದ. 1939ರಲ್ಲಿ ಅಮೆರಿಕದ ವೈದ್ಯ ಐಸಾಕ್ ಸ್ಟಾರ್ ರೋಗಿಯನ್ನು ಮಲಗಿಸಿ ಈ ಅಲುಗಾಟ ಬರೆದುಕೊಳ್ಳುವ ಮೇಜನ್ನೇ ಮಾಡಿದ. ಬ್ಯಾಲಿಸ್ಟೋಕಾರ್ಡಿಯೋಗ್ರಫಿ ಎಂಬ ಉದ್ದನೆಯ ಹೆಸರಿನ ಆ ವಿದ್ಯೆ ಇಸಿಜಿಯ ಮುಂದೆ ಮೂಲೆ ಸೇರಿತು. ಈಗ ಅಗ್ಗದ ಸಂವೇದಕ, ಕಂಪ್ಯೂಟರ್ ಲೆಕ್ಕದ ಕೈಹಿಡಿದು ಹೊರಬಂದಿದೆ. ಎದೆಬಡಿತ ಚುರುಕಿನ ನಡುಕ, ಉಸಿರು ನಿಧಾನದ ಅಲೆ. ಒಂದೇ ಹಾಳೆಗೆ ಬೀಳುವ ಎರಡನ್ನೂ ತಂತ್ರಾಂಶ ಬಿಡಿಸಿ, ನರ್ಸ್ ಮೇಜಿನ ಪರದೆಗೋ ದೂರದ ಕೇಂದ್ರಕ್ಕೋ ಕಳಿಸುತ್ತದೆ. ರೋಗಿ ಮಗ್ಗುಲಾದರೆ ಲೆಕ್ಕ ಕದಡುತ್ತದೆ, ಎದ್ದುಹೋದರೆ ಹಾಳೆ ಮೂಕ. ಆಮ್ಲಜನಕ ನೋಡಲು ಬೆರಳಿಗೆ ಕ್ಲಿಪ್ ಹಾಕಲೇಬೇಕು.

2021ರ ಕೋವಿಡ್ ಎರಡನೇ ಅಲೆಯ ಹೊತ್ತಿಗೆ ಕಂಪನಿ ‘ಮಿಲಿಯನ್ ಐಸಿಯು’ ಹೆಸರಿನಲ್ಲಿ ಸರ್ಕಾರಿ ಆಸ್ಪತ್ರೆಗಳ ಸಾಧಾರಣ ಹಾಸಿಗೆಗಳಿಗೆ ಇದನ್ನು ಹಾಕಲು ಹೊರಟಿತು. ಹೆಸರು ತುಸು ಅತಿಯಾಯಿತು ಅನ್ನಿಸುತ್ತದೆ. ಹಾಳೆ ಕಾವಲು ಕಾಯುತ್ತದೆ, ನಿಜ. ಆದರೆ ವೆಂಟಿಲೇಟರನ್ನೂ ಅದನ್ನು ನಡೆಸುವ ಕೈಗಳನ್ನೂ ಅದು ತರುವುದಿಲ್ಲ.

ಲೆಕ್ಕ ಮಿತಿ ದಾಟಿದರೆ ಪರದೆ ಬಾರಿಸುವ ಗಂಟೆಯ ಮಾತೂ ಇದೆ. ಎಚ್ಚರಿಕೆಯ ಮಿತಿಯನ್ನು ಬಿಗಿಯಾಗಿಟ್ಟರೆ ಪರದೆ ಇಡೀ ರಾತ್ರಿ ಕೂಗುತ್ತದೆ; ಪಕ್ಕದ ಮನೆ ಕುಕ್ಕರಿನ ಸೀಟಿಯಂತೆ, ಮೂರನೇ ದಿನಕ್ಕೆ ಯಾರ ಕಿವಿಗೂ ಬೀಳದು. ಸಡಿಲ ಬಿಟ್ಟರೆ ಕೂಗಬೇಕಾದಾಗ ಸುಮ್ಮನಿರುತ್ತದೆ. ಮಿತಿ ಎಷ್ಟಿರಬೇಕು, ಕೂಗಿದಾಗ ಏಳುವವರು ಯಾರು ಎಂಬುದನ್ನು ಹಾಳೆ ಹಾಸುವ ದಿನವೇ ವಾರ್ಡಿನವರು ಕೂತು ಗೊತ್ತುಮಾಡಿಕೊಳ್ಳಬೇಕು.

ಅಪ್ಪನ 31ನ್ನು ನಾನು ಓಡಿಹೋಗಿ ಹೇಳಿದಾಗ ಸಿಸ್ಟರ್ ಕೈಯಲ್ಲಿದ್ದ ಡ್ರಿಪ್ ಬಾಟಲಿಯನ್ನು ನನ್ನ ಕೈಗಿತ್ತು, “ಹಿಡ್ಕೊಳಿ” ಎಂದವರೇ ಡ್ಯೂಟಿ ಡಾಕ್ಟರನ್ನು ಎಬ್ಬಿಸಲು ಓಡಿದರು.