ಮನೆಯಲ್ಲಿ ತಯಾರಾದ ಪದಾರ್ಥಗಳನ್ನು ಪಾರ್ಸಲು ಕಟ್ಟಿ ಅಂಚೆಯಲ್ಲಿ ಕಳುಹಿಸುವ ಕ್ರಮ

ಜೇನುತುಪ್ಪ, ಬೆಲ್ಲ, ಒಣಮೆಣಸಿನಕಾಯಿ, ಹಪ್ಪಳ ಮೊದಲಾದುವನ್ನು ಮನೆಯಲ್ಲಿಯೇ ಸಿದ್ಧಪಡಿಸಿ ದೂರದ ಊರುಗಳ ಗಿರಾಕಿಗಳಿಗೆ ಅಂಚೆಯ ಮೂಲಕ ಕಳುಹಿಸುವ ಕುಟುಂಬಗಳು ಈಗ ಅನೇಕ ಹಳ್ಳಿಗಳಲ್ಲಿ ಇರುವುವು. ದಲ್ಲಾಳಿಗೆ ಸೇರತಕ್ಕ ಲಾಭವು ಬೆಳೆದವನ ಕೈಯಲ್ಲಿಯೇ ಉಳಿಯುವುದರಿಂದ ಇದು ಮೆಚ್ಚತಕ್ಕ ಉದ್ಯೋಗವೇ ಸರಿ. ಆದರೆ ಸಂತೆಯಲ್ಲಿ ಕೊಳ್ಳುವವನು ಸರಕನ್ನೂ ಮಾರುವವನ ಮುಖವನ್ನೂ ನೋಡಿ ಕೊಳ್ಳುತ್ತಾನೆ. ದೂರದ ಗಿರಾಕಿಯಾದರೋ ಪಾರ್ಸಲನ್ನು ಮಾತ್ರ ನೋಡುತ್ತಾನೆ. ಅದು ಒಡೆದು ಸೋರಿ ಬಂದರೆ ಆ ಮನೆತನದ ಹೆಸರೇ ಕೆಡುವುದು.

ಕೆಲವು ವರ್ಷಗಳ ಹಿಂದೆ ನಾನು ಮಲೆನಾಡಿನ ಒಂದು ಗ್ರಾಮಕ್ಕೆ ಹೋಗಿದ್ದಾಗ, ಜೇನು ಸಾಕುವ ಗೃಹಸ್ಥರೊಬ್ಬರು ಹಿಂದಿರುಗಿ ಬಂದ ಪೆಟ್ಟಿಗೆಯೊಂದನ್ನು ತೋರಿಸಿದರು. ಹನ್ನೆರಡು ಗಾಜಿನ ಬಾಟಲಿಗಳಲ್ಲಿ ಐದು ಒಡೆದಿದ್ದುವು. ಉಳಿದುವುಗಳಿಗೆ ಇರುವೆ ಮುತ್ತಿತ್ತು. ಜೇನುಪೆಟ್ಟಿಗೆಗಳಿಗಾಗಿ ಮಾಡಿದ ಸಾಲದ ಕಂತನ್ನು ಈ ಹಣದಿಂದಲೇ ತೀರಿಸಬೇಕೆಂದು ಅವರು ನಂಬಿದ್ದರು. ಸಾಗಿಸಿದವರನ್ನು ಬಹಳವಾಗಿ ನಿಂದಿಸಿದರು. ಬಿಚ್ಚಿ ನೋಡಲಾಗಿ, ಬಾಟಲಿಗಳು ಒಂದಕ್ಕೊಂದು ತಾಗಿಕೊಂಡಿದ್ದುವು. ನಡುವೆ ವೃತ್ತಪತ್ರಿಕೆಯ ಒಂದೆರಡು ಹಾಳೆಗಳ ಹೊರತು ಮತ್ತೇನೂ ಇರಲಿಲ್ಲ. ತಪ್ಪು ದಾರಿಯದಲ್ಲ, ಕಟ್ಟಿದ ಕೈಯದು. ಕೆಳಗೆ ಹೇಳುವ ರೀತಿಯಲ್ಲಿ ಕಟ್ಟಿದ ಮುಂದಿನ ಪೆಟ್ಟಿಗೆಯು ಅದೇ ದಾರಿಯಲ್ಲಿ ಹೋಗಿ ಕ್ಷೇಮವಾಗಿ ತಲುಪಿತು.

ಜೇನುತುಪ್ಪ.— ತೇವಾಂಶವು ನೂರಕ್ಕೆ 20 ಭಾಗವನ್ನು ಮೀರಿದ ಜೇನುತುಪ್ಪವು ಹುಳಿತು, ಅದರಿಂದ ಹುಟ್ಟುವ ಅನಿಲವು ಮುಚ್ಚಳವನ್ನು ಸಡಿಲಿಸುವುದು. ಆದುದರಿಂದ ಪಕ್ವವಾದ ತುಪ್ಪವನ್ನು ಮಾತ್ರ ತುಂಬಬೇಕು. ಬಿಸಿಲಿಗೆ ತುಪ್ಪವು ಹಿಗ್ಗುವುದರಿಂದ ಕಂಠದಲ್ಲಿ ಒಂದು ಬೆರಳಿನಷ್ಟು ಸ್ಥಳವನ್ನು ಬಿಡತಕ್ಕದ್ದು. 500 ಮಿಲಿಲೀಟರಿನ ಬಾಟಲಿಯಲ್ಲಿ ಸುಮಾರು 700 ಗ್ರಾಂ ತುಪ್ಪ ಹಿಡಿಯುವುದು. ಅಂಚೆವೆಚ್ಚವನ್ನು ಲೆಕ್ಕಹಾಕುವಾಗ ಇದನ್ನು ಮರೆಯಬಾರದು. ಪ್ರತಿಯೊಂದು ಬಾಟಲಿಯನ್ನೂ ಬೇರೆಯಾದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಬಿಗಿದು, ಸುತ್ತಲೂ ಎರಡು ಬೆರಳಿನಷ್ಟು ದಪ್ಪಕ್ಕೆ ಒಣಗಿದ ಮರದ ಹೊಟ್ಟನ್ನಾಗಲಿ ಕಾಗದದ ಚೂರುಗಳನ್ನಾಗಲಿ ಒತ್ತಿ ತುಂಬಬೇಕು. ಒಂದು ಬಾಟಲಿ ಒಡೆದರೂ ಸೋರಿದ್ದನ್ನು ಇವು ಹೀರಿಕೊಂಡು ಇತರರ ಪಾರ್ಸಲುಗಳನ್ನು ಕಾಪಾಡುವುವು.

ಬೆಲ್ಲ ಮತ್ತು ಮೆಣಸಿನಕಾಯಿ.— ಬೆಲ್ಲವು ಗಾಳಿಯ ತೇವವನ್ನು ಎಳೆದುಕೊಂಡು ಮುಂಗಾರಿನಲ್ಲಿ ಒಸರುವ ಸ್ವಭಾವವುಳ್ಳದ್ದು. ಬರಿಯ ಕಾಗದದ ಚೀಲವು ಇದಕ್ಕೆ ಸಾಲದು. ಗಾಳಿಯಾಡದಂತೆ ಮುಚ್ಚಿದ ಚೀಲ ಬೇಕು. ಮೆಣಸಿನಕಾಯನ್ನು ಅಂಗಳದಿಂದ ತೆಗೆದೊಡನೆ ಬಿಸಿಯಾಗಿರುವಾಗಲೇ ಕಟ್ಟಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುವುದು. ನೆರಳಿನಲ್ಲಿ ಆರಿಸಿದ ಬಳಿಕವೇ ಕಟ್ಟತಕ್ಕದ್ದು. ಅಚ್ಚಿನ ಮಸಿಯಿಂದ ಹಾನಿಯುಂಟಾಗುವುದರಿಂದ ವೃತ್ತಪತ್ರಿಕೆಯು ಯಾವ ಆಹಾರವನ್ನೂ ನೇರವಾಗಿ ಮುಟ್ಟಕೂಡದು.

ಪೆಟ್ಟಿಗೆ.— ಸರಕಿಗೆ ತಕ್ಕಷ್ಟೇ ಪೆಟ್ಟಿಗೆಯಿರಬೇಕು. ಹಗುರವಾದರೂ ಹೆಚ್ಚು ಸ್ಥಳ ಹಿಡಿಯುವ ಪಾರ್ಸಲಿಗೆ ಸಾಗಣೆಯವರು ಗಾತ್ರದ ಮೇಲೆ ದರ ಹಾಕುವುದುಂಟು. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯವಾದ ಲೆಕ್ಕ. 40, 30, 30 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿ ಎರಡು ಕಿಲೋಗ್ರಾಂ ಹಪ್ಪಳವಿಟ್ಟರೂ ಈ ಲೆಕ್ಕದಂತೆ 7.2 ಕಿಲೋಗ್ರಾಮಿನ ದರವನ್ನು ತೆರಬೇಕಾಗುವುದು. ಕೆಳಗಿನ ಮತ್ತು ಮೇಲಿನ ಜೋಡಣೆಗಳೆರಡಕ್ಕೂ ಅಗಲವಾದ ಟೇಪನ್ನು ಹಚ್ಚಬೇಕು.

ಪರೀಕ್ಷೆ.— ಇದೇ ಮುಖ್ಯವಾದುದು. ಕಟ್ಟಿದ ಪೆಟ್ಟಿಗೆಯನ್ನು ಕಿವಿಯ ಬಳಿ ಅಲ್ಲಾಡಿಸಿರಿ. ಸದ್ದಾದರೆ ಬಿಚ್ಚಿ ಮತ್ತೆ ಕಟ್ಟಿರಿ. ಹೊಸ ರೀತಿಯಲ್ಲಿ ಕಟ್ಟಿದ ಮೊದಲನೆಯ ಪೆಟ್ಟಿಗೆಯನ್ನು ಸೊಂಟದ ಎತ್ತರದಿಂದ ನಿಮ್ಮ ಜಗುಲಿಯ ಮೇಲೆಯೇ ಒಮ್ಮೆ ಅಡಿಯ ಮೇಲೆ, ಒಮ್ಮೆ ಮೂಲೆಯ ಮೇಲೆ ಬೀಳಿಸಿ, ಒಂದು ರಾತ್ರಿ ತಲೆಕೆಳಗಾಗಿ ಕಾಗದದ ಮೇಲಿಡಿರಿ. ಬೆಳಿಗ್ಗೆ ಕಾಗದದಲ್ಲಿ ಕಲೆಯಿಲ್ಲದಿದ್ದರೆ ಆ ಕಟ್ಟು ಅಂಚೆಗೆ ಯೋಗ್ಯವಾದುದು. ಮನೆಯಲ್ಲಿ ಒಡೆದರೆ ಒಂದು ಬಾಟಲಿಯ ನಷ್ಟ. ದಾರಿಯಲ್ಲಿ ಒಡೆದರೆ ಗಿರಾಕಿಯೇ ನಷ್ಟ.

ವಿಳಾಸ ಮತ್ತು ಕಾಗದಪತ್ರ.— 1972ನೆಯ ಇಸವಿಯ ಆಗಸ್ಟ್ 15ರಂದು ಜಾರಿಗೆ ಬಂದ ಆರು ಅಂಕಿಗಳ ಪಿನ್ ಕೋಡನ್ನು ತಪ್ಪಿಲ್ಲದೆ ಬರೆಯಬೇಕು. ಒಂದು ಅಂಕಿ ತಪ್ಪಿದರೂ ಪಾರ್ಸಲು ಬೇರೆ ಊರಿಗೆ ಹೋದೀತು. ಗಿರಾಕಿಯ ಮತ್ತು ಕಳುಹಿಸಿದವರ ವಿಳಾಸಗಳ ಒಂದು ಪ್ರತಿಯನ್ನು ಒಳಗೂ ಇಡುವುದು ಲೇಸು. ಆಹಾರಪದಾರ್ಥಗಳನ್ನು ತಯಾರಿಸಿ ಮಾರುವ ಸಣ್ಣ ಕುಟುಂಬವೂ 2006ನೆಯ ಇಸವಿಯ ಆಹಾರ ಸುರಕ್ಷತೆಯ ಕಾಯಿದೆಯ ಮೇರೆಗೆ ನೋಂದಣಿ ಮಾಡಿಸಿ, ಆ ಸಂಖ್ಯೆಯನ್ನು ಚೀಟಿಯಲ್ಲಿ ನಮೂದಿಸತಕ್ಕದ್ದು. ಅಂಚೆಯ ರಸೀತಿಯನ್ನು ಪಾರ್ಸಲು ತಲುಪುವವರೆಗೂ ಜೋಪಾನವಾಗಿಡಬೇಕು. ಬೆಲೆಬಾಳುವ ಸರಕಿಗೆ ವಿಮೆಯನ್ನೂ ಮಾಡಿಸಬಹುದು. ಬೆಲೆಯನ್ನು ಗಿರಾಕಿಯಿಂದ ಬಟವಾಡೆಯ ಕಾಲದಲ್ಲಿ ವಸೂಲುಮಾಡುವ ಕರಾರಿನಲ್ಲಿ ಕಳುಹಿಸುವವರು, ಹೊಸ ಗಿರಾಕಿಯಿಂದ ಅಂಚೆವೆಚ್ಚವನ್ನಾದರೂ ಮುಂಗಡವಾಗಿ ಪಡೆಯುವುದು ವಿವೇಕ. ಅವನು ಬೇಡವೆಂದರೆ ನಷ್ಟವೆಲ್ಲ ಕಳುಹಿಸಿದವರದೇ.

ಊರಿನ ಯಜಮಾನರೂ ಜಮೀನುದಾರರೂ ಈ ವಿಷಯದಲ್ಲಿ ಮಾಡಬಹುದಾದ ಉಪಕಾರವು ಹೆಚ್ಚಿನದು. ಒಂದು ತಕ್ಕಡಿ, ಒಂದು ಅಳತೆಪಟ್ಟಿ, ಒಂದು ಮೂಟೆ ಒಣಹೊಟ್ಟು ಇವುಗಳನ್ನು ಊರಿನ ಉಪಯೋಗಕ್ಕೆಂದು ಒಂದು ಕಡೆ ಇರಿಸಿದರೆ ಸಾಕು. ಸಣ್ಣ ಕುಟುಂಬಗಳು ಅಲ್ಲಿಯೇ ಬಂದು ಕಟ್ಟಿಕೊಳ್ಳುವುವು. ಒಂದು ಮನೆಯ ಪಾರ್ಸಲು ಕ್ಷೇಮವಾಗಿ ತಲುಪಿದರೆ ಆ ಊರಿನ ಹೆಸರನ್ನು ಕೇಳಿಯೇ ಮುಂದಿನ ಗಿರಾಕಿಯು ನಂಬಿ ಹಣ ಕಳುಹಿಸುವನು.